ಕೈ ಬಿಡಿಸುವ ಕೆಂಡ

ನಮ್ಮೂರಿನ ನೂಲುಬಾಗಿಲು ಬೆಕ್ಕಿಗೆ ಅಡ್ಡ ಬರುವುದಿಲ್ಲ, ಕೋಳಿಗೂ ಬರುವುದಿಲ್ಲ. ಹೊಸ್ತಿಲ ಮೇಲೆ ಒಂದು ನಿಂಬೆಹಣ್ಣು ಇಟ್ಟರೆ ಮಧ್ಯಾಹ್ನದೊಳಗೆ ಅದು ತಾನಾಗಿಯೇ ಉರುಳಿಕೊಂಡು ಒಳಗೆ ಹೋಗಿರುತ್ತದೆ. ಸಂಜೆಗೆ ಅಲ್ಲಿಂದ ಒಂದೆರಡು ಹಣ್ಣು ಹೊರಗೆ ಉರುಳಿ ಬಂದಿರುತ್ತವೆ. ಬಾಗಿಲಿನ ತಕರಾರೆಲ್ಲ ದೊಡ್ಡವರ ಮೇಲೆ. ಎಂಟು ಬಂಡೆಗಳನ್ನು ಬಳೆಯ ಹಾಗೆ ಜೋಡಿಸಿದ ಬಾಯಿ, ಅದರ ಹಿಂದೆ ಹನ್ನೆರಡು ಹೆಜ್ಜೆ ಉದ್ದದ ಸುರಂಗ, ಸುರಂಗದ ತುಂಬ ನೂಲು. ಒಂಟಿಯಾಗಿ ಕಾಲಿಟ್ಟ ದೊಡ್ಡವರನ್ನು ಆ ನೂಲು ಮೂರನೆಯ ಹೆಜ್ಜೆಗೇ ಹಿಡಿಯುತ್ತದೆ. ಕತ್ತರಿಸಿದರೆ ಕೈ ತೆಗೆಯುವಷ್ಟರಲ್ಲಿ ಮತ್ತೆ ಬೆಳೆಯುತ್ತದೆ. ಹಿಂದೆ ಒಬ್ಬ ಗಡಿಗೆ ವ್ಯಾಪಾರಿ, ನನಗೆ ಯಾರ ಹಂಗು ಎಂದು ಮೀಸೆ ತಿರುವಿ ಒಳಗೆ ನುಗ್ಗಿದ್ದನಂತೆ. ಅವನ ಗಡಿಗೆಗಳು ಇನ್ನೂ ಏಳನೆಯ ಹೆಜ್ಜೆಯಲ್ಲಿ ನೇತಾಡುತ್ತಿವೆ. ಅವನು ಏನಾದನೆಂದು ನಾನು ಯಾರನ್ನೂ ಕೇಳಿಲ್ಲ. ನಾನು ಹುಟ್ಟು ಪುಕ್ಕಲ, ಗೊತ್ತಾದರೆ ನನಗೆ ಊಟ ಸೇರುವುದಿಲ್ಲ.

ಪುಕ್ಕಲನಾದರೂ ದಿನಕ್ಕೆ ಇಪ್ಪತ್ತು ಸಲ ಆ ಸುರಂಗ ದಾಟಿ ಬರುವುದೇ ನನ್ನ ಕೆಲಸ. ನಮ್ಮದು ದಾಟಗಾರರ ಮನೆತನ. ನಮ್ಮ ಮೈಗೆ ನೂಲು ಅಂಟುವುದಿಲ್ಲ, ನಾವು ಕೈ ಹಿಡಿದವರಿಗೂ ಅಂಟುವುದಿಲ್ಲ. ಆದರೆ ಕಂಡವರ ಕೈಯನ್ನೆಲ್ಲ ಹಿಡಿಯಲು ಬರುವುದಿಲ್ಲ. ಬಟ್ಟೆಯಲ್ಲಿ ಎಲ್ಲಾದರೂ ಹಳದಿ ಪಟ್ಟಿ ಹೊಲಿದಿರಬೇಕು. ಅಂಥವರ ಕೈ ಮುಟ್ಟಿದರೆ ಸಾಕು, ನನ್ನ ಬಲಗೈ ತಾನಾಗಿ ಬಿಗಿದುಕೊಳ್ಳುತ್ತದೆ. ಬಿಗಿದರೆ ಮುಗಿಯಿತು, ಒಳಕೋಟೆ ಮುಟ್ಟುವ ತನಕ ಯಾರು ಎಳೆದರೂ ಬಿಡುವುದಿಲ್ಲ. ಒಳಬಾಯಿಯಲ್ಲಿ ಕೆಂಡದ ಫಕೀರಪ್ಪ ಕುಳಿತಿರುತ್ತಾನೆ. ಅವನು ಒಂದು ಸಣ್ಣ ಕುಡಿಕೆಯಲ್ಲಿ ಉರಿಯುವ ಕೆಂಡ ಹಾಕಿ ನನ್ನ ಎಡಗೈಗೆ ಕೊಡುತ್ತಾನೆ. ಕುಡಿಕೆ ಕೈಗೆ ಬಂತೋ, ಬಲಗೈ ಬಿಚ್ಚಿಕೊಂಡಿತು. ಆಮೇಲೆ ಆ ಕೆಂಡ ಆರುವವರೆಗೆ ಆ ಕೈಯ ಬೆರಳುಗಳು ಒಂದು ಹುಲ್ಲುಕಡ್ಡಿಯನ್ನೂ ಹಿಡಿಯಲಾರವು. ಕುಡಿಕೆ ಹಿಡಿದು ಹೊರಗೆ ಬಂದರೆ ಹೊರಬಾಯಿಯಲ್ಲಿ ಖಾಸಿಂಬಿ ಅಕ್ಕ ಚೊಂಬು ಹಿಡಿದು ಕುಳಿತಿರುತ್ತಾಳೆ. ಚುಂಯ್ ಎಂದು ನೀರು ಸುರಿದು ಕೆಂಡ ಆರಿಸುತ್ತಾಳೆ, ನನ್ನ ಕೈ ಮತ್ತೆ ಕೈಯಾಗುತ್ತದೆ, ಸಾಲಿನಲ್ಲಿ ನಿಂತ ಮುಂದಿನವರು ಕೈ ಚಾಚುತ್ತಾರೆ. ಒಬ್ಬರನ್ನು ಕರೆತಂದರೆ ಒಂದೇ ಕುಡಿಕೆ, ಉರಿಯುವ ಕೆಂಡವಿಲ್ಲದೆ ನಮಗೂ ಹೊರದಾರಿ ಇಲ್ಲ. ನಮ್ಮ ಚಿಕ್ಕಪ್ಪ ಒಳಗೆ ಯಾರ ಜೊತೆಗೋ ಹರಟೆಗೆ ನಿಂತು ಕೆಂಡ ಆರಿಸಿಕೊಂಡ. ಇವತ್ತಿಗೂ ಅಲ್ಲೇ ಕಸ ಗುಡಿಸುತ್ತಿದ್ದಾನೆ.

ಒಳಕೋಟೆಯಲ್ಲಿ ಇರುವುದು ಮೂಲ ಕಡತಗಳು. ನಮ್ಮ ಹೊರಪೇಟೆಯಲ್ಲಿ ಬೆಲ್ಲ ಹೇಗೆ ಕಾಯಿಸಬೇಕು, ಗಾರೆ ಹೇಗೆ ಅರೆಯಬೇಕು, ಬಾಣಂತಿಗೆ ಯಾವ ಕಷಾಯ ಕೊಡಬೇಕು ಎನ್ನುವುದೆಲ್ಲ ಆ ಕಡತಗಳಲ್ಲಿದೆ. ಕಡತ ಹೊರಗೆ ಬರುವುದಿಲ್ಲ. ನಕಲು ಬರುತ್ತದೆ. ನಕಲುಗಾರರು ಒಂದೊಂದು ಪುಟ ಬರೆದು, ಬೇಡದ ಸಾಲುಗಳನ್ನು ಕತ್ತರಿಯಿಂದ ತೆಗೆದು, ಉಳಿದದ್ದನ್ನು ಅಂಟಿಸಿ ಹೊರಗೆ ಕಳಿಸುತ್ತಾರೆ. ನಕಲನ್ನು ಹೊರಗೆ ತರಲು ಬೇರೆ ಮನೆತನದವರಿದ್ದಾರೆ, ಅವರ ಕಟ್ಟಳೆ ಬೇರೆ. ಪಟ್ಟಿ ಹೊಲಿದುಕೊಂಡು ಒಳಗೆ ಹೋದವರಿಗೆ ಮಾತ್ರ ಹೊರದಾರಿಯೇ ಇಲ್ಲ. ಮೂಲ ಕಂಡ ಕಣ್ಣು ಹೊರಗೆ ಹೋಗಬಾರದಂತೆ.

ನನ್ನ ಹೆಂಡತಿ ಲಿಂಗವ್ವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅದೇ ಮುಳುವಾಯಿತು. ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳ ಹೆಸರಿಗೆ ಹಳದಿ ಪಟ್ಟಿ ಬಂತು. ಪಟ್ಟಿ ಬಂದರೆ ಹೋಗಬೇಕು, ಇಲ್ಲವೆಂದವರನ್ನು ನಾನು ಕಂಡಿಲ್ಲ. ಆ ದಿನ ಬಾಗಿಲಲ್ಲಿ ಪಾಳಿ ನನ್ನದೇ. ನನ್ನ ಹೆಂಡತಿಯ ಕೈ ನಾನೇ ಹಿಡಿದೆ, ನಾನೇ ಒಳಗೆ ಬಿಟ್ಟು ಬಂದೆ. ನಮ್ಮ ಮಗಳು ಅಂಬಕ್ಕ, ಎರಡು ವರ್ಷದವಳು, ನಮ್ಮ ಹಿಂದೆಯೇ ತಪ್ಪು ಹೆಜ್ಜೆ ಇಡುತ್ತ ನೂಲಿನ ನಡುವೆ ಸರಸರ ನುಸುಳಿ ಬಂದಳು. ಕುಡಿಕೆ ಹಿಡಿದು ನಾನು ಹೊರಟಾಗ ನನ್ನ ಹಿಂದೆಯೇ ತಿರುಗಿ ನುಸುಳಿ ಬಂದಳು. ಬಾಗಿಲಿಗೆ ಅವಳು ಬೆಕ್ಕಿನ ಲೆಕ್ಕ.

ಹಾಗೆ ನಮ್ಮ ಸಂಸಾರ ಎಂಟು ವರ್ಷ ನಡೆಯಿತು. ಬೆಳಿಗ್ಗೆ ಅಂಬಿ ನನ್ನ ಜೊತೆ ಬಾಗಿಲಿಗೆ ಬಂದು ತಾಯಿಯ ಹತ್ತಿರ ಹೋಗುತ್ತಿದ್ದಳು, ಹೊತ್ತು ಇಳಿಯುವುದರೊಳಗೆ ಒಂದು ಗಿಂಡಿ ಮಜ್ಜಿಗೆ ತೆಗೆದುಕೊಂಡು ಹೊರಗೆ ಬರುತ್ತಿದ್ದಳು. ಒಳಕೋಟೆಯ ಎಮ್ಮೆಯ ಮಜ್ಜಿಗೆ, ಲಿಂಗವ್ವ ಕಡೆದದ್ದು. ನನಗೆ ಅವಳು ಕಾಣುತ್ತಿದ್ದಳು, ಇಲ್ಲವೆನ್ನುವುದಿಲ್ಲ. ನಕಲುಗಾರರು ದಾಟಬಾರದ ಕಲ್ಲಿನ ಗೆರೆಯೊಂದಿದೆ, ಅದರ ಆಚೆ ನಿಂತಿರುತ್ತಿದ್ದಳು. ನಾನು ಬಂದ ಕೂಡಲೇ ಫಕೀರಪ್ಪ ಕುಡಿಕೆ ಚಾಚುತ್ತಿದ್ದ. ಕೆಂಡ ಹಿಡಿದುಕೊಂಡು, ಬಿಚ್ಚಿದ ಬೆರಳು ತೂಗಾಡಿಸಿಕೊಂಡು, ಹತ್ತು ಮಾರು ದೂರದ ಹೆಂಡತಿಯನ್ನು ನೋಡುವುದು ಎಂಥ ನೋಟ! ಅಂಬಿಯ ಕೈಯಲ್ಲಿ ಮಾತು ಕಳಿಸುತ್ತಿದ್ದೆವು. ಅವಳು ನಮ್ಮಿಬ್ಬರ ಜಗಳವನ್ನೂ ಅತ್ತಿತ್ತ ಚಾಚೂ ತಪ್ಪದೆ ಸಾಗಿಸುತ್ತಿದ್ದಳು.

ಮಕ್ಕಳು ಬೆಳೆಯುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯೋಚಿಸಿರಲಿಲ್ಲ, ಅಷ್ಟೇ. ಈ ವರ್ಷದ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅವಳು ಹೊರಗೆ ಬಂದಾಗ ಜಡೆಯಲ್ಲಿ ಒಂದೆಳೆ ನೂಲು ಸಿಕ್ಕಿಕೊಂಡಿತ್ತು.  ಮರುವಾರ ಕಿವಿಯ ಬೆಂಡೋಲೆಗೆ ನಾಲ್ಕೆಳೆ. ನಾನು ಬೆಂಡೋಲೆ ಬಿಚ್ಚಿಸಿದೆ. ಒಳಗೆ ತಾಯಿ ಜಡೆಯನ್ನೇ ಕತ್ತರಿಸಿ ಕಳಿಸಿದಳು. ಅಲ್ಲಿಂದ ನನಗೆ ನೆಮ್ಮದಿ ಎನ್ನುವುದು ಹೋಯಿತು. ದಿನಾ ಬೆಳಿಗ್ಗೆ ಅವಳನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಇದ್ದಿಲಿನಿಂದ ಗೆರೆ ಎಳೆಯತೊಡಗಿದೆ. ಗೆರೆ ಏರಿದ ದಿನ ಗಾಬರಿಯಲ್ಲಿ ಬಾಗಿಲಲ್ಲಿ ಮೂರು ಜನರ ಕೈ ಹಿಡಿಯುವ ಬದಲು ಕಂಬ ಹಿಡಿದೆ. ಹೇಳಲು ನಾಚಿಕೆಯಾಗುತ್ತದೆ, ಎರಡು ರೊಟ್ಟಿ ಕೊಡುವಲ್ಲಿ ಒಂದೂವರೆ ಕೊಟ್ಟೆ, ಬೆಣ್ಣೆ ಇದ್ದೂ ಇಲ್ಲವೆಂದೆ. ಹೆತ್ತ ಮಗಳು ಬೆಳೆಯದಿರಲಿ ಎಂದು ಹೊಟ್ಟೆಗೆ ಕಡಿಮೆ ಹಾಕಿದ ತಂದೆ ನಾನು.

"ಅಪ್ಪಾ, ಅವ್ವ ಕೇಳಿದ್ಲು, ನಿಮ್ಮಪ್ಪ ಹೊಟ್ಟಿಗಿ ಹಾಕ್ತಾನೋ ಇಲ್ಲೋ ಅಂತ," ಎಂದು ಅಂಬಿ ಒಂದು ದಿನ ಮಾತು ತಂದಳು.

"ನೀ ಏನಂದಿ?"

"ಹಾಕ್ತಾನ, ಆದ್ರ ಅಳದು ಹಾಕ್ತಾನ ಅಂದೆ."

ಊಟ ಕಡಿಮೆ ಮಾಡಿದ್ದು ನನ್ನ ಹೆದರಿಕೆಯ ಅರ್ಧ ಮಾತ್ರ. ಇನ್ನರ್ಧ ಅದಕ್ಕಿಂತ ಕೆಟ್ಟದ್ದು. ನೂಲು ಅವಳನ್ನು ತಡೆಯುವ ದಿನ ಬಂದೇ ಬರುತ್ತದೆ. ಆ ದಿನ ಅವಳು ಯಾವ ಕಡೆ ಇರುತ್ತಾಳೋ ಜೀವಮಾನವೆಲ್ಲ ಆ ಕಡೆಯವಳು. ಹೊರಗಿದ್ದರೆ ನನಗೆ, ಒಳಗಿದ್ದರೆ ಲಿಂಗವ್ವನಿಗೆ. ನನಗೆ ಗೊತ್ತಿದ್ದದ್ದು ಅವಳಿಗೂ ಗೊತ್ತಿತ್ತು. ಪ್ರತಿ ಸಂಜೆ ಹೊತ್ತು ಇಳಿಯುತ್ತಿದ್ದಂತೆ, ಇವತ್ತು ಇವಳು ಹುಡುಗಿಯನ್ನು ಒಳಗೇ ಇಟ್ಟುಕೊಂಡಳು ಎಂದು ನಾನು ಸುರಂಗದೊಳಗೆ ಇಣುಕುತ್ತಿದ್ದೆ. ಪ್ರತಿ ಬೆಳಿಗ್ಗೆ, ಇವತ್ತು ಇವನು ಕಳಿಸುವುದಿಲ್ಲ ಎಂದು ಅವಳೂ ಹೆದರುತ್ತಿದ್ದಳೋ ಏನೋ, ನಾನು ಒಳಗೆ ಹೋದಾಗಲೆಲ್ಲ ಅವಳ ಕಾಲು ಗೆರೆಗೆ ಅಂಟಿಕೊಂಡೇ ಇರುತ್ತಿತ್ತು. ನಾವಿಬ್ಬರೂ ಕಳ್ಳರ ಹಾಗೆ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು.

"ಹಿಂಗ್ಯಾಕ ಸಣ್ಣಗ ಆಗೀಯೋ ಭರಮಪ್ಪ?" ಎಂದಳು ಖಾಸಿಂಬಿ ಅಕ್ಕ, ಕೆಂಡಕ್ಕೆ ನೀರು ಸುರಿಯುತ್ತ. "ಮಗಳ ಚಿಂತಿ ಏನು? ಮುಂದ ಈ ಊರು ಒಡದು ಎರಡು ಊರಾಕ್ಕೈತಂತ, ಆ ದಿನ ಒಳಕೋಟಿ ಗೋಡಿ ಕರಗಿ ಹೋಗ್ತಾವಂತ, ನಮ್ಮಜ್ಜಿ ಹೇಳ್ತಿದ್ಲು. ಒಂದು ದಿನ ಒಳಗಿಲ್ಲ ಹೊರಗಿಲ್ಲ, ಎಲ್ಲಾರೂ ಎಲ್ಲಾರನ್ನೂ ನೋಡಬಹುದಂತ."

"ಮರುದಿನ?"

"ಮರುದಿನ ಎರಡೂ ಊರಾಗ ಮತ್ತ ಗೋಡಿ ಏಳ್ತಾವ."

ಅವಳು ಸಮಾಧಾನ ಹೇಳಲು ಬಂದವಳು. ನನಗೆ ಮಾತ್ರ, ಆ ದಿನ ನಾವು ಮೂವರೂ ಬೇರೆ ಬೇರೆ ಊರಿನ ಪಾಲಾದರೆ ಏನು ಗತಿ ಎಂದು ಹೊಸ ಹುಳ ಹೊಕ್ಕಿತು.

ಇಷ್ಟರ ಮೇಲೆ ಇನ್ನೊಂದು ಕಂಡೆ. ಅಂಬಿ ನನ್ನ ಕೈ ಹಿಡಿಯುವುದನ್ನು ಬಿಟ್ಟಳು. ಮೊದಲೆಲ್ಲ ಮನೆಯಿಂದ ಬಾಗಿಲಿನವರೆಗೆ ನನ್ನ ಬಲಗೈಯ ಎರಡು ಬೆರಳು ಹಿಡಿದು ಜೋಲಾಡುತ್ತ ಬರುತ್ತಿದ್ದವಳು, ಈಗ ನಾಲ್ಕು ಹೆಜ್ಜೆ ಮುಂದೆ ನಡೆಯತೊಡಗಿದಳು. ನಾನು ಕೈ ಚಾಚಿದರೆ ಲಂಗ ಸರಿಮಾಡುವವಳ ಹಾಗೆ ಬಗ್ಗುತ್ತಿದ್ದಳು. ಹದಿನೈದು ದಿನ ಹೀಗೇ ನಡೆಯಿತು. ತಾಯಿ ಇವಳ ಮನಸ್ಸು ಕೆಡಿಸಿದ್ದಾಳೆ, ಈಗಿನಿಂದಲೇ ನನ್ನನ್ನು ಬಿಡುವ ಅಭ್ಯಾಸ ಮಾಡಿಸುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಎಂಟು ವರ್ಷ ಒಬ್ಬನೇ ತಲೆ ಬಾಚಿ, ಹೇನು ಹೆಕ್ಕಿ, ಜ್ವರ ಬಂದಾಗ ಎದೆಯ ಮೇಲೆ ಮಲಗಿಸಿಕೊಂಡವನು ನಾನು. ಸಿಟ್ಟು ನೆತ್ತಿಗೇರಿತು.

ಬುಧವಾರ ಬೆಳಿಗ್ಗೆ ಇದ್ದಿಲ ಗೆರೆ ಮತ್ತೆ ಒಂದು ಬೆರಳು ಏರಿತ್ತು. ನಾನು ಅಲ್ಲೇ ತೀರ್ಮಾನ ಮಾಡಿದೆ.

"ಇವತ್ತ ಕಡೀದು. ನಾಳಿಯಿಂದ ಒಳಗ ಹೋಗೂದು ಬ್ಯಾಡ. ನಿಮ್ಮವ್ವಗ ಹೇಳಿ ಬಾ."

ಅವಳು ಅಳಲಿಲ್ಲ. ಕತ್ತರಿಸಿದ ಕೂದಲನ್ನು ಕಿವಿಯ ಹಿಂದೆ ತಳ್ಳಿಕೊಂಡು ಕೇಳಿದಳು, "ಅವ್ವ ಒಬ್ಬಾಕಿನ ಉಳೀತಾಳಲ್ಲಪಾ?"

"ಮತ್ತ ನಾ?"

 ಬಾಗಿಲಲ್ಲಿ ಅವಳು ನೂಲಿನೊಳಗೆ ಹೋಗುವುದನ್ನು ನೋಡಿದೆ. ಮೊದಲಿನ ಹಾಗೆ ಸರಸರ ಅಲ್ಲ, ಭುಜ ಕಿರಿದು ಮಾಡಿಕೊಂಡು, ಉಸಿರು ಒಳಗೆ ಎಳೆದುಕೊಂಡು, ಒಂದೊಂದೇ ಹೆಜ್ಜೆ. ದಾಟಿದಳು. 

ಆ ದಿನ ಕೆಲಸ ವಿಪರೀತ. ಒಳಗೆ ಯಾವುದೋ ದೊಡ್ಡ ಕಡತ ಬಿಚ್ಚುತ್ತಿದ್ದಾರೆಂದು ಹಳದಿ ಪಟ್ಟಿಯವರ ಸಾಲು ಬಾವಿಯವರೆಗೆ ನಿಂತಿತ್ತು. ಒಬ್ಬರನ್ನು ಬಿಟ್ಟು, ಕೆಂಡ ತಂದು, ಆರಿಸಿ, ಇನ್ನೊಬ್ಬರ ಕೈ ಹಿಡಿಯುವುದೇ ಆಯಿತು. ಹೊತ್ತು ಇಳಿಯುವ ಮುಂಚೆ ಒಬ್ಬ ಅಂಟು ಕುದಿಸುವವನನ್ನು ಒಳಗೆ ಬಿಟ್ಟಾಗ ಗೆರೆಯ ಆಚೆ ಲಿಂಗವ್ವ ಕಂಡಳು. ಕಣ್ಣು ಕೆಂಪಾಗಿತ್ತು. ಪಕ್ಕದಲ್ಲಿ ಅಂಬಿ ಇರಲಿಲ್ಲ. ಅವಳು ಸುರಂಗದ ಕಡೆಗೆ ಕೈ ತೋರಿಸಿದಳು. ನಾನು ಫಕೀರಪ್ಪನ ಕಡೆ ತಿರುಗಿದ್ದಾಗ ನನ್ನ ಬೆನ್ನ ಹಿಂದೆ ಈಗಷ್ಟೇ ಹೊರಟಿದ್ದಾಳೆ ಎಂದು ಅರ್ಥ. ಹಾಗಾದರೆ ಲಿಂಗವ್ವ ಇಟ್ಟುಕೊಳ್ಳಲಿಲ್ಲ, ಕಳಿಸಿಬಿಟ್ಟಳು! ನನಗೆ ಕುಣಿಯುವಷ್ಟು ಸಂತೋಷವಾಯಿತು, ಅದರ ಹಿಂದೆಯೇ ನನ್ನ ಮೇಲೆ ಹೇಸಿಗೆಯೂ ಆಯಿತು. ಕುಡಿಕೆ ಹಿಡಿದು ಸುರಂಗ ಹೊಕ್ಕೆ.

ಏಳನೆಯ ಹೆಜ್ಜೆಯಲ್ಲಿ, ಆ ಗಡಿಗೆಗಳ ಕೆಳಗೆ, ಅಂಬಿ ನಿಂತಿದ್ದಳು.

ಒಂದು ಕೈ ಮೇಲೆ, ಒಂದು ಕೈ ಎದೆಗೆ ಅಂಟಿ, ಮಜ್ಜಿಗೆಯ ಗಿಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು. ನೂಲು ಮೊಣಕಾಲು, ಸೊಂಟ, ಕುತ್ತಿಗೆ ಎಲ್ಲ ಕಡೆ ಸುತ್ತಿತ್ತು. ಮುಖ ಬೆಳ್ಳಗಾಗಿತ್ತು.

"ಅಪ್ಪಾ, ಬಿಡವಲ್ದು," ಎಂದಳು, ತಪ್ಪು ಮಾಡಿದವಳ ಹಾಗೆ. "ಅವ್ವ ಹೋಳಿಗಿ ಮಾಡಿದ್ಲು. ಮೂರು ತಿಂದೆ. ಅದಕ್ಕ ಆತೇನು?"

ಮೂರು ಹೋಳಿಗೆಗೆ ಹಿಡಿಯುವಷ್ಟು ಆ ಬಾಗಿಲು ಬೆಪ್ಪಲ್ಲ. "ಅದಕ್ಕಲ್ಲವ್ವ, ಅದಕ್ಕಲ್ಲ," ಎನ್ನುತ್ತ ನಾನು ಬಲಗೈ ಹಾಕಿದೆ. ಎಡಗೈಯಲ್ಲಿ ಕೆಂಡ. ಬೆರಳು ಅವಳ ರಟ್ಟೆಯ ಮೇಲೆ ಬಿದ್ದವು, ಮುಚ್ಚಲಿಲ್ಲ. ಮೊಣಕೈಯಿಂದ ತಬ್ಬಿ ಎಳೆದೆ. ನೂಲು ಇನ್ನೂ ಬಿಗಿಯಿತು, ಅವಳು ಚೀರಿದಳು. ಹಲ್ಲಿನಿಂದ ನೂಲು ಕಡಿದೆ. ಒಂದು ಕಡಿದರೆ ಎರಡು ಬಂದವು. ಖಾಸಿಂಬಿ ಅಕ್ಕನನ್ನು ಕೂಗಿದೆ, ಫಕೀರಪ್ಪನನ್ನು ಕೂಗಿದೆ. ಬಂದು ಮಾಡುವುದಾದರೂ ಏನು? ಎರಡು ಬಾಯಿಯಲ್ಲೂ ಜನರ ಗುಜುಗುಜು ಕೇಳಿಸುತ್ತಿತ್ತು, ಯಾರೂ ಒಳಗೆ ಕಾಲಿಡಲಿಲ್ಲ. ನಾನು ಹೊರಗೆ ಓಡಿ ಕೆಂಡ ಆರಿಸಿಕೊಂಡು ಬರುವಷ್ಟರಲ್ಲಿ ನೂಲು ಅವಳ ಬಾಯಿ ಮೂಗು ಮುಚ್ಚುತ್ತದೆ. ಆರಿಸಿ ತಾನೇ ಏನು ಪ್ರಯೋಜನ? ಪಟ್ಟಿ ಇಲ್ಲದವರನ್ನು ನನ್ನ ಕೈ ಹಿಡಿಯುವುದಿಲ್ಲ. ಅವಳ ಗದ್ದದವರೆಗೆ ಬಂದ ಎಳೆಗಳನ್ನು ನೋಡುತ್ತ ನಾನು ಕೆಂಡ ಹಿಡಿದು ಸುಮ್ಮನೆ ನಿಂತುಬಿಟ್ಟೆ. 

"ಅಪ್ಪಾ, ಕೆಂಡ ಆರಿಸು," ಎಂದಳು ಅಂಬಿ.

"ಆರಿಸಿದ್ರ ಏನಾಕ್ಕೈತಿ? ನಿನಗ ಪಟ್ಟಿ ಎಲ್ಲೈತಿ?"

ಅವಳು ಕಣ್ಣು ಕೆಳಗೆ ಮಾಡಿದಳು. "ಲಂಗದ ಒಳಮಡಿಕ್ಯಾಗ. ಅವ್ವ ಹೊಲದಾಳ. ಹದಿನೈದು ದಿನ ಆತು. ಸಿಕ್ಕೊಂಡ್ರಷ್ಟ ನಿಮ್ಮಪ್ಪಗ ಹೇಳು, ಇಲ್ಲಂದ್ರ ಬಾಯಿ ಬಿಡಬ್ಯಾಡ ಅಂದಿದ್ಲು."

ಹದಿನೈದು ದಿನ. ಹಾಗಾದರೆ ಅದಕ್ಕೇ ಅವಳು ನನ್ನ ಕೈ ಹಿಡಿಯದೆ ಮುಂದೆ ಮುಂದೆ ನಡೆದದ್ದು. ಒಮ್ಮೆ ಮುಟ್ಟಿದ್ದರೆ ನನ್ನ ಕೈ ಬಿಗಿಯುತ್ತಿತ್ತು, ಅವಳನ್ನು ಒಳಗೆ ಬಿಡದೆ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ನನ್ನ ಹತ್ತಿರವೇ ಉಳಿಯಲೆಂದು ಈ ಕೂಸು ನನ್ನನ್ನು ಮುಟ್ಟದೆ ಹದಿನೈದು ದಿನ ನಡೆದಿತ್ತು.

ಸಿಟ್ಟು, ಅಳು ಯಾವುದು ಮೊದಲು ಬಂತೋ ಗೊತ್ತಿಲ್ಲ. ಎರಡಕ್ಕೂ ಹೊತ್ತಿರಲಿಲ್ಲ. ಕೆಂಡ ಆರಿಸಿ ಕೈ ಹಿಡಿದರೆ ಅವಳು ಉಳಿಯುತ್ತಾಳೆ. ಆದರೆ ನನ್ನ ಕೈ ಹಿಡಿದವರಿಗೆ ಇರುವುದು ಒಂದೇ ದಾರಿ, ಒಳಗೆ. ಹೊರಬಾಯಿ ಏಳೇ ಹೆಜ್ಜೆ ದೂರದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಖಾಸಿಂಬಿ ಅಕ್ಕನ ಚೊಂಬು ಹೊಳೆಯುತ್ತಿತ್ತು. ನಮ್ಮ ಮನೆಯ ದಾರಿ ಆ ಕಡೆ.

"ಗಿಂಡಿ ಬಗ್ಗಸು," ಎಂದೆ.

ಅವಳು ಮಣಿಕಟ್ಟು ತಿರುಗಿಸಿದಳು. ಲಿಂಗವ್ವ ನನಗೆಂದು ಕಳಿಸಿದ್ದ ಮಜ್ಜಿಗೆ ಕೆಂಡದ ಮೇಲೆ ಬಿತ್ತು. ಚುಂಯ್ ಎಂದು ಹುಳಿ ವಾಸನೆಯ ಹೊಗೆ ಎದ್ದಿತು. ಸುರಂಗದ ನಡುವೆ ಕೆಂಡ ಆರಿಸಿದ ದಾಟಗಾರ ನಮ್ಮ ಮನೆತನದಲ್ಲಿ ಇನ್ನೊಬ್ಬನಿಲ್ಲ. ಬೆರಳಿಗೆ ಜೀವ ಬಂತು. ಅವಳ ಕೈ ಮುಟ್ಟಿದೆ, ನನ್ನ ಕೈ ಬಿಗಿಯಿತು. ಅಲ್ಲಿಯ ತನಕ ಹಗ್ಗದ ಹಾಗೆ ಬಿಗಿದಿದ್ದ ನೂಲು ಅವಳ ಮೈಮೇಲಿಂದ ಜಾರಿ ಬಿದ್ದಿತು. ನಾವು ತಿರುಗಿ ಒಳಗೆ ನಡೆದೆವು.

ಒಳಬಾಯಿಯಲ್ಲಿ ಲಿಂಗವ್ವ ಗೆರೆ ದಾಟಿ ಓಡಿ ಬಂದಿದ್ದಳು. ಅವಳನ್ನು ತಡೆಯಬೇಕಾದವರೂ ಬಾಯಿ ಬಿಟ್ಟು ನಿಂತಿದ್ದರು. ಮಗಳನ್ನು ಅಪ್ಪಿಕೊಂಡಳು. ನನ್ನ ಬಲಗೈ ಮಗಳ ಕೈಗೆ ಬಿಗಿದುಕೊಂಡಿತ್ತು, ಎಡಗೈಯಲ್ಲಿ ಆರಿದ ಕುಡಿಕೆ. ಕುಡಿಕೆಯನ್ನು ನೆಲಕ್ಕೆ ಬಿಟ್ಟೆ. ಎಂಟು ವರ್ಷದಲ್ಲಿ ಮೊದಲ ಸಲ ಒಳಕೋಟೆಯಲ್ಲಿ ನನ್ನ ಎಡಗೈ ಖಾಲಿಯಾಗಿತ್ತು, ಅದರ ಬೆರಳುಗಳು ಮುಚ್ಚುತ್ತಿದ್ದವು. ಲಿಂಗವ್ವ ಅದನ್ನು ನನಗಿಂತ ಮೊದಲು ಕಂಡಳು. ಅವಳು ತನ್ನ ಕೈ ತಂದು ಅದರಲ್ಲಿಟ್ಟಳು. ಬೆರಳ ತುದಿಯಲ್ಲಿ ಮಸಿಯ ಕರೆ, ಕತ್ತರಿ ಹಿಡಿದು ದಪ್ಪಗಾದ ಹೆಬ್ಬೆರಳು. ನಾನು ಬಿಟ್ಟುಹೋದ ಕೈ ಹೀಗಿರಲಿಲ್ಲ.

"ಕದ್ದು ಇಟ್ಕೋಬೇಕಂತ ಹೊಲೀಲಿಲ್ರಿ," ಎಂದಳು. "ನಡುವ ಸಿಕ್ಕೊಂಡ್ರ ಗತಿ ಏನಂತ ಹೊಲದೆ."

"ನಾ ರೊಟ್ಟಿ ಕಡಿಮಿ ಹಾಕಿದೆ," ಎಂದೆ. 

ಫಕೀರಪ್ಪ ಹೊಸ ಕುಡಿಕೆ ತುಂಬಿ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳದಿದ್ದರೆ ಯಾರು ಏನು ಮಾಡುತ್ತಾರೆ? ಮಗಳ ಕೈ ಬಿಡುವುದಿಲ್ಲ, ಹೆಂಡತಿಯ ಕೈ ಬಿಡಬೇಕಾಗಿಲ್ಲ, ಇಲ್ಲೇ ಚಿಕ್ಕಪ್ಪನ ಜೊತೆ ಕಸ ಗುಡಿಸಿಕೊಂಡಿದ್ದರಾಯಿತು. ಹೊರಗಿನ ಸಾಲು ಬಾವಿಯವರೆಗೆ ನಿಂತಿರಲಿ. ಫಕೀರಪ್ಪನ ಕೆಂಡದ ಮೇಲೆ ಬೂದಿ ಕೂಡತೊಡಗಿತು. "ಭರಮಪ್ಪ, ಇದು ಆರಿದ್ರ ಇನ್ನೊಂದಿಲ್ಲೋ," ಎಂದ ಅವನು, ಬೈದಂತಲ್ಲ, ಬೇಡಿಕೊಂಡಂತೆ.  ಲಿಂಗವ್ವನ ಕೈ ನನ್ನ ಕೈಯನ್ನು ಒತ್ತುತ್ತಿತ್ತು.

"ಅಪ್ಪಾ, ಕೆಂಡ ತಗೋ," ಎಂದಳು ಅಂಬಿ ಮೆಲ್ಲಗೆ. "ನನಗ ಕೈ ನೋಯಾಕತ್ತೈತಿ."

ನೋಡಿದೆ. ನನ್ನ ಹಿಡಿತದಲ್ಲಿ ಅವಳ ಬೆರಳುಗಳು ನೀಲಿಗಟ್ಟಿದ್ದವು. ನಾನು ಲಿಂಗವ್ವನ ಕೈ ಬಿಟ್ಟು ಕುಡಿಕೆ ತೆಗೆದುಕೊಂಡೆ.

 ಹೊರಗೆ ಖಾಸಿಂಬಿ ಅಕ್ಕ ನನ್ನ ಮುಖವನ್ನೇ ನೋಡುತ್ತ ಚೊಂಬು ಬಗ್ಗಿಸಿದಳು, ಅರ್ಧ ನೀರು ನನ್ನ ಕಾಲ ಮೇಲೆ ಬಿತ್ತು. ಕೆಂಡ ಆರಿತು. ನನ್ನ ಬೆರಳುಗಳು ಮುಚ್ಚಿಕೊಂಡವು, ಒಳಗೆ ಏನೂ ಇರಲಿಲ್ಲ. ಸಾಲಿನಲ್ಲಿದ್ದ ಮುದುಕನೊಬ್ಬ ಕೈ ಚಾಚಿದ.

ಮನೆಯಲ್ಲಿ ಬೆಣ್ಣೆ ಹಾಗೇ ಇತ್ತು. ಅಡುಗೆಮನೆಯ ಚೌಕಟ್ಟಿನ ಮೇಲಿನ ಗೆರೆಗಳನ್ನು ಒರೆಸಲು ಹೋಗಿ ಬಿಟ್ಟೆ. ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ಒಂದು ನಿಂಬೆಹಣ್ಣು ಇಟ್ಟು ಹೋಗುವುದನ್ನು ಮಾತ್ರ ಶುರು ಮಾಡಿದೆ. ಅದು ಅವಳಿಗೇ ಸೇರುತ್ತದೆ ಎಂದು ಹೇಳಲು ಬಾರದು, ಒಳಗೆ ಸಾವಿರಾರು ಜನ ಇದ್ದಾರೆ. ಲಿಂಗವ್ವನನ್ನು ಗೆರೆಯಿಂದ ಹಿಂದಕ್ಕೆ ಕಳಿಸಿದ್ದರು. ಮೂಲೆಯ ಕಿಟಕಿಯಲ್ಲಿ ಅವಳ ಸೆರಗು ಮಾತ್ರ ಕಾಣುತ್ತಿತ್ತು. ಅಂಬಿ ಎಲ್ಲೂ ಕಾಣಲಿಲ್ಲ. ಇಪ್ಪತ್ತು ದಿನ ಹೀಗೆ ಕಳೆಯಿತು, ಒಳಗೆ ಅವಳಿಗೆ ಏನಾಯಿತೋ ಎಂದು ನಾನು ಅರೆಜೀವವಾದೆ.

ಇಪ್ಪತ್ತೊಂದನೆಯ ದಿನ ಒಬ್ಬ ಕಡತ ಕಟ್ಟುವವಳನ್ನು ಕರೆದುಕೊಂಡು ಒಳಬಾಯಿಗೆ ಬಂದರೆ ಫಕೀರಪ್ಪನ ಪಕ್ಕದಲ್ಲಿ ಅಂಬಿ ಕುಳಿತಿದ್ದಳು. ಕೂದಲು ಕಿವಿಯ ಕೆಳಗೆ ಇಳಿದಿತ್ತು, ಕೆನ್ನೆ ತುಂಬಿತ್ತು. "ಮುದುಕ ಆಗೇನಿ, ಈಕಿಗೆ ಕಲಸಾಕತ್ತೇನಿ," ಎಂದ ಫಕೀರಪ್ಪ, ಬೇಕೆಂದೇ ಆಚೆ ಮುಖ ಮಾಡಿ. ಅಂಬಿ ಚಿಮಟದಿಂದ ಕೆಂಡ ಎತ್ತಿ ಕುಡಿಕೆಗೆ ಹಾಕಿದಳು. ನಾನು ಎಡಗೈ ಚಾಚಿದೆ. ಅವಳು ಕುಡಿಕೆಯನ್ನು ಪಕ್ಕಕ್ಕಿಟ್ಟು, ತನ್ನ ಬರಿಗೈಯನ್ನು ನನ್ನ ಕೈಯಲ್ಲಿಟ್ಟಳು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಕುಡಿಕೆ ಕೊಟ್ಟಳು.

ಈಗ ದಿನಕ್ಕೆ ಇಪ್ಪತ್ತು ಸಲ ಹಾಗೆ ನಡೆಯುತ್ತದೆ. ಮೇಲಿನವರು ಯಾರಾದರೂ ಕಂಡಾರು ಎಂದು ಪ್ರತಿ ಸಲವೂ ಸುತ್ತ ಕಣ್ಣಾಡಿಸುತ್ತೇನೆ. ನಾನು ಕರೆತಂದವರು ಕೈ ಜಗ್ಗುತ್ತ ಗೊಣಗುತ್ತಾರೆ, "ಕೆಂಡ ಕೊಡಾಕ ಇಷ್ಟೊತ್ತು ಯಾಕವಾ?" ಎಂದು.

"ಹೊತ್ತಬೇಕಲ್ರಿ, ತಡೀರಿ," ಎನ್ನುತ್ತಾಳೆ ನನ್ನ ಮಗಳು.